ಬೂಷ್ಟು ಹಿಡಿದ ಗೋವಿನಜೋಳ ಮತ್ತು ಹಂದಿಮರಿಗಳು



ನಮ್ಮ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆ ಗೋವಿನಜೋಳದ ತೆನೆ ಮುರಿಯುವ ಹೊತ್ತಿಗೇ ಮಳೆ ಬಂದು ಕೂತುಬಿಡುವುದು ನಿಮಗೆ ಹೊಸದಲ್ಲ. ಒಳ್ಳೆಯ ಕಾಳು ಪೇಟೆಗೆ ಹೋಗುತ್ತದೆ. ನೆನೆದು ಕಪ್ಪಾದದ್ದು ಮನೆಯಲ್ಲಿ ಉಳಿಯುತ್ತದೆ. "ಇರಲಿ ಬಿಡ್ರಿ, ಹಂದಿಗಾದರೂ ಆದೀತು" ಅನ್ನುತ್ತೇವೆ.

ಮೊನ್ನೆ ಯಲಬುರ್ಗಾ ಕಡೆಯ ರೈತರೊಬ್ಬರು ಕೇಳಿದರು: "ಸಾಹೇಬ್ರ, ಅಂಗಡ್ಯಾಗ ವಿಷ ಹೀರೋ ಪುಡಿ ಸಿಗ್ತೈತಂತ. ಅದನ್ನ ಬೆರೆಸಿದ್ರ ಕೆಟ್ಟ ಜ್ವಾಳ ಮರಿಗೆ ಹಾಕಬಹುದಲ್ರೀ?" ಈ ಪ್ರಶ್ನೆ ನಿಮ್ಮಲ್ಲಿ ಅನೇಕರಿಗೆ ಇದ್ದೀತು.

ಬೂಷ್ಟು ಬೇರೆ, ಅದು ಬಿಟ್ಟುಹೋಗುವ ವಿಷ ಬೇರೆ. ಬೂಷ್ಟನ್ನು ತೊಳೆಯಬಹುದು, ಒರೆಸಬಹುದು. ಕಾಳಿನೊಳಗೆ ಇಳಿದ ವಿಷ ಹೋಗುವುದಿಲ್ಲ. ಕುದಿಸಿದರೂ ಅದು ಸಾಯುವುದಿಲ್ಲ. ಇವುಗಳಲ್ಲಿ ಹೆಸರಾದದ್ದು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂತು. ಗೋವಿನಜೋಳದಲ್ಲಿ ಫ್ಯುಮೋನಿಸಿನ್ ಎಂಬ ಇನ್ನೊಂದು ವಿಷವೂ ಸೇರುತ್ತದೆ. 1995ರಲ್ಲಿ ದಖ್ಖನ್ನಿನ ಹಲವು ಹಳ್ಳಿಗಳಲ್ಲಿ, ಮಳೆಗೆ ನೆನೆದ ಜೋಳ, ಗೋವಿನಜೋಳ ಉಂಡ ಜನಕ್ಕೆ ಹೊಟ್ಟೆನೋವು, ಭೇದಿ ಹತ್ತಿದ್ದು ಇದರಿಂದಲೇ. ಅಂದಮೇಲೆ ಇದು ಬರೀ ಹಂದಿಯ ಮಾತಲ್ಲ.

ದೊಡ್ಡ ಹಂದಿ ಒಂದಿಷ್ಟು ತಡೆದೀತು. ಆಗತಾನೆ ಮೊಲೆ ಬಿಟ್ಟ ಮರಿ ತಡೆಯಲಾರದು. ಎಳೆಯ ಪ್ರಾಣಿಯ ಆಹಾರದಲ್ಲಿ ಅಫ್ಲಾಟಾಕ್ಸಿನ್ ನೂರು ಕೋಟಿ ಪಾಲಿಗೆ 20 ಪಾಲು ಮೀರಬಾರದು. ಅಂದರೆ 1,000 ಟನ್ ಕಾಳಿನಲ್ಲಿ 20 ಗ್ರಾಂ! ಕಣ್ಣಿಗೆ, ಮೂಗಿಗೆ ಇದು ಸಿಗುವ ಲೆಕ್ಕವೇ? ಮರಿ ಮೇವು ಬಿಡುತ್ತದೆ, ಕೂದಲು ಒರಟಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ವಿಷ ಹೆಚ್ಚಾದರೆ ಈಲಿ ಕೆಟ್ಟು ಕಣ್ಣು ಹಳದಿಯಾಗುತ್ತದೆ. ಸಣ್ಣ ಹೆಣ್ಣುಮರಿಯ ಯೋನಿ, ಬೆದೆಗೆ ಬಂದಂತೆ ಬಾತಿದ್ದರೆ ಅದು ಇನ್ನೊಂದು ಬಗೆಯ ಬೂಷ್ಟಿನ ವಿಷದ ಗುರುತು. ಉಸಿರಾಟಕ್ಕೆ ಏದುತ್ತಿದ್ದರೆ ಫ್ಯುಮೋನಿಸಿನ್‌ನಿಂದ ಪುಪ್ಪುಸಕ್ಕೆ ನೀರು ಸೇರಿದ್ದೀತು. ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಈ ವಿಷಗಳಿಗೆ ಸೂಜಿಮದ್ದು ಇಲ್ಲ. ಮೊದಲು ಆ ಮೇವು ನಿಲ್ಲಿಸಬೇಕು.

ಇನ್ನು ಪುಡಿಯ ಮಾತು. ಅಂಗಡಿಯಲ್ಲಿ ಎರಡು ಬಗೆ ಇರುತ್ತವೆ, ಎರಡನ್ನೂ ಒಂದೇ ಎಂದು ತಿಳಿಯಬೇಡಿರಿ. ಪ್ರೊಪಿಯೋನೇಟ್ ಜಾತಿಯದು ಬೂಷ್ಟು ಬೆಳೆಯದಂತೆ ತಡೆಯುತ್ತದೆ. ಆಗಲೇ ಸೇರಿದ ವಿಷಕ್ಕೆ ಅದು ಏನೂ ಮಾಡದು. ಇನ್ನೊಂದು ಬೆಂಟೊನೈಟ್ ಮೊದಲಾದ ಜೇಡಿಯ ಪುಡಿ. ಇದು ಹೊಟ್ಟೆಯಲ್ಲಿ ಅಫ್ಲಾಟಾಕ್ಸಿನ್ನನ್ನು ಅಂಟಿಸಿಕೊಂಡು ಸಗಣಿಯ ಜೊತೆ ಹೊರಗೆ ಒಯ್ಯುತ್ತದೆ. ಸಾಮಾನ್ಯವಾಗಿ ಕ್ವಿಂಟಲ್ ಆಹಾರಕ್ಕೆ ಅರ್ಧ ಕಿಲೋ. ಚೀಲದ ಮೇಲೆ ಬರೆದದ್ದನ್ನೇ ಅನುಸರಿಸಿರಿ. ಮೊದಲು ಒಂದೆರಡು ಬುಟ್ಟಿ ಹಿಟ್ಟಿಗೆ ಬೆರೆಸಿ, ಆಮೇಲೆ ಇಡೀ ರಾಶಿಗೆ ಕಲಸಿರಿ, ಇಲ್ಲವಾದರೆ ಒಂದು ಮರಿಗೆ ಪುಡಿ, ಇನ್ನೊಂದಕ್ಕೆ ವಿಷ! ಮತ್ತೆ, ಬೋರು ಕೊರೆಯುವವರ ಬೆಂಟೊನೈಟ್ ಅಗ್ಗವೆಂದು ತರಬೇಡಿರಿ, ಅದು ಮೇವಿಗಲ್ಲ.

ಆದರೆ ಈ ಜೇಡಿ ಅಫ್ಲಾಟಾಕ್ಸಿನ್ನಿಗೆ ಹತ್ತಿದಂತೆ ಫ್ಯುಮೋನಿಸಿನ್‌ಗೂ, ಹೆಣ್ಣುಮರಿ ಬಾಯುವ ವಿಷಕ್ಕೂ ಹತ್ತುವುದಿಲ್ಲ. ಹೀಗಾಗಿ ಆ ರೈತರಿಗೆ ನಾನು ಹೇಳಿದ್ದಿಷ್ಟು: ಕಣ್ಣಿಗೆ ಕಾಣುವಷ್ಟು ಕೆಟ್ಟದ್ದು ಪುಡಿ ಹಾಕಿದರೂ ಮರಿಗೆ ಬೇಡ. ನೋಡಲು ಚೆನ್ನಾಗಿದ್ದೂ ಮನಸ್ಸಿಗೆ ಅನುಮಾನವಿದ್ದರೆ, ಒಡಕಲು, ಮುಗ್ಗಲು ಆರಿಸಿ ತೆಗೆದು, ಗಂಗಾವತಿಯ ಒಣ ನುಚ್ಚು ಸೇರಿಸಿ, ಪುಡಿಯನ್ನೂ ಬೆರೆಸಿ ಕೊಡಬಹುದು. ಆರಿಸಿದ್ದನ್ನು ಹಾಲು ಕರೆಯುವ ಎಮ್ಮೆಗೆ ಹಾಕೀರಿ, ಜೋಕೆ! ವಿಷ ಹಾಲಿಗೆ ಬಂದು ನಿಮ್ಮ ಕೂಸಿಗೇ ಮುಟ್ಟುತ್ತದೆ. ಕೋಳಿ ಕೆದರದಂತೆ ಆಳವಾಗಿ ಹೂಳಿರಿ.

ಒಣಗಿಸಿದ್ದು ಸಾಕೇ ಎಂದು ನೋಡಲು ಒಂದು ಉಪಾಯವಿದೆ. ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಅಲುಗಾಡಿಸಿ, ಹತ್ತು ನಿಮಿಷ ಇಡಿರಿ. ಉಪ್ಪು ಗಾಜಿಗೆ ಅಂಟಿದರೆ ತೇವ ಸುಮಾರು ನೂರಕ್ಕೆ 15ಕ್ಕಿಂತ ಮೇಲಿದೆ, ಮತ್ತೆ ಒಣಗಿಸಿರಿ. ಅಂಟದಿದ್ದರೂ ಇನ್ನೆರಡು ಬಿಸಿಲು ಕೊಡಿರಿ, ತೇವ 12-13ಕ್ಕೆ ಇಳಿಯಬೇಕು. ಬರೀ ನೆಲದ ಮೇಲಲ್ಲ, ತಾಡಪತ್ರಿ ಹಾಸಿ. ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಒಟ್ಟಿರಿ.

ಅನುಮಾನ ಬಿದ್ದ ರಾಶಿಯ ಹತ್ತಾರು ಕಡೆಯಿಂದ ತೆಗೆದು ಕೂಡಿಸಿದ ಒಂದು ಕಿಲೋ ಕಾಳು ತೆಗೆದುಕೊಂಡು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಪರೀಕ್ಷೆಗೆ ಎಲ್ಲಿ ಕಳಿಸಬೇಕೆಂದು ಕೇಳಿರಿ.