ಕಂಪ್ಯೂಟರಿಗೆ ‘ಕ’ ಅಂದರೆ 3221

ಮಕ್ಕಳೇ, ಈ ಐದು ಸಂಖ್ಯೆಗಳನ್ನು ಓದಿ: 3221, 3240, 3277, 3240, 3233. ಇದು ಲೆಕ್ಕದ ಪ್ರಶ್ನೆಯಲ್ಲ. ಕಂಪ್ಯೂಟರಿನೊಳಗೆ ‘ಕನ್ನಡ’ ಎಂಬ ಪದ ಇರುವುದೇ ಹೀಗೆ.

ಕಂಪ್ಯೂಟರಾಗಲಿ, ಅಪ್ಪನ ಮೊಬೈಲಾಗಲಿ, ಅಕ್ಷರ ಕಲಿತ ಯಂತ್ರವಲ್ಲ. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಹಾಗಾಗಿ ತರಗತಿಯಲ್ಲಿ ನಿಮಗೆಲ್ಲ ಹಾಜರಿ ನಂಬರು ಇರುವಂತೆ, ಇವತ್ತು ಬಳಕೆಯಲ್ಲಿರುವ ಬಹುತೇಕ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ನಂಬರು ಕೊಟ್ಟಿದ್ದಾರೆ. ಆ ಪಟ್ಟಿಯ ಹೆಸರು ಯೂನಿಕೋಡ್. ಅದರ ಮೊದಲ ಆವೃತ್ತಿ 1991ರಲ್ಲಿ ಬಂತು, ಕನ್ನಡ ಆಗಲೇ ಅದರಲ್ಲಿತ್ತು. 3200ರಿಂದ 3327ರವರೆಗಿನ 128 ಮನೆಗಳು ನಮ್ಮ ಲಿಪಿಯವು. ‘ಅ’ಗೆ 3205, ‘ಕ’ಗೆ 3221.

ಕನ್ನಡ ಎಂಬಲ್ಲಿ ಕಾಣುವುದು ಮೂರೇ ಅಕ್ಷರ, ಸಂಖ್ಯೆ ಐದು ಏಕೆ? ಕಾರಣ ನಮ್ಮ ಒತ್ತು. ‘ನ್ನ’ ಒಂದಕ್ಕೇ ಮೂರು ಸಂಖ್ಯೆ ಬೇಕು. ಮೊದಲು ‘ನ’, ಅದು 3240. ಆಮೇಲೆ 3277, ಅಂದರೆ ಅಕ್ಷರದೊಳಗಿನ ಸ್ವರವನ್ನು ತೆಗೆದುಹಾಕುವ ಚಿಹ್ನೆ. ಕೊನೆಗೆ ಮತ್ತೆ ‘ನ’. ಫಾಂಟ್ ಈ ಮೂರನ್ನೂ ಒಟ್ಟಿಗೆ ನೋಡಿ ಎರಡನೆಯ ‘ನ’ವನ್ನು ಕೆಳಗೆ ಒತ್ತಾಗಿ ಕೂರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟವಿಡೀ ಹೀಗೆ ಸಿದ್ಧ.

ಇದೇ ಒತ್ತಕ್ಷರ ಹಿಂದಿನ ಮುದ್ರಕರಿಗೆ ಎಷ್ಟು ಕಷ್ಟ ಕೊಟ್ಟಿತ್ತು ಗೊತ್ತೇ? ಸೀಸ ಬೆರೆತ ಲೋಹದಲ್ಲಿ ಎರಕಹೊಯ್ದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಬೇಕಿತ್ತು. ಕಾಗುಣಿತಕ್ಕೆ ಬೇರೆ ಮೊಳೆ, ಒತ್ತಿಗೆ ಬೇರೆ ಮೊಳೆ. ಮೊಳೆಯ ಮೇಲಿನ ಅಕ್ಷರ ತಿರುಗುಮುರುಗಾಗಿರುತ್ತದೆ, ಜೋಡಿಸುವವರು ಹಾಗೆಯೇ ಓದಲು ಕಲಿಯಬೇಕಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾಯಿತು. ಅದರ ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ಹಿಂದಿರುವುದು ಅಂಥ ಕೈಗಳ ದುಡಿಮೆ. ಆ ಪುಟಗಳನ್ನು ನೋಡಿದಾಗಲೆಲ್ಲ ನನಗೆ ಅವರಿಗೆ ಕೈಮುಗಿಯಬೇಕು ಅನಿಸುತ್ತದೆ.

ಅಕ್ಷರ ಸಂಖ್ಯೆಯಾದ ಮೇಲೆ ಏನಾಯಿತು? ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕನ್ನಡ ಸಂಖ್ಯೆಯನ್ನು ಕೂಡಿಡಲು ಸಾಮಾನ್ಯವಾಗಿ 3 ಬೈಟ್ ಜಾಗ ಸಾಕು. ಪುಟಕ್ಕೆ 1500 ಸಂಖ್ಯೆ ಎಂದು ಹಿಡಿದರೆ 200 ಪುಟದ ಕತೆ ಪುಸ್ತಕಕ್ಕೆ 9 ಲಕ್ಷ ಬೈಟ್. ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊ ಇದಕ್ಕಿಂತ ಎರಡು ಮೂರು ಪಟ್ಟು ಜಾಗ ಬೇಡುತ್ತದೆ! ಅದಕ್ಕೇ ಇಡೀ ಪುಸ್ತಕ ಕ್ಷಣದಲ್ಲಿ ಬೀದರಿನಿಂದ ಬೋಸ್ಟನ್ನಿಗೆ ಹೋಗುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಚಿತ್ರಕತೆಗಳು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿವೆ. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು, ತಮ್ಮ ಭಾಷೆಗೆ ಅನುವಾದಿಸಲೂಬಹುದು.

ಕಾಗದದ ಪುಸ್ತಕದ ದಾರಿಯೂ ಬದಲಾಗಿದೆ. ಆಫ್‌ಸೆಟ್ ಮುದ್ರಣಕ್ಕೆ ಮೊದಲು ಪ್ಲೇಟ್ ಮಾಡಿಸಬೇಕು. ಆ ಖರ್ಚು ಹುಟ್ಟಬೇಕಾದರೆ ನೂರಾರು ಪ್ರತಿ ಅಚ್ಚಾಗಲೇಬೇಕು. ಡಿಜಿಟಲ್ ಮುದ್ರಣ ಯಂತ್ರಕ್ಕೆ ಪ್ಲೇಟ್ ಬೇಡ, ಐವತ್ತೇ ಪ್ರತಿ ಬೇಕಿದ್ದರೂ ಸರಿ.

ಇನ್ನು ಓದುವ ಸಲಕರಣೆ. ಮೊಬೈಲಿನ ಪರದೆ ತಾನೇ ಬೆಳಕು ಸೂಸುತ್ತದೆ. ಕಿಂಡಲ್‌ನಂಥ ಓದುಯಂತ್ರಗಳಲ್ಲಿರುವ ವಿದ್ಯುನ್ಮಾನ ಶಾಯಿ ಹಾಗಲ್ಲ. ಅದರ ಪರದೆಯಲ್ಲಿ ಸರಿಸುಮಾರು ಕೂದಲಿನಷ್ಟೇ ದಪ್ಪದ ಲಕ್ಷಾಂತರ ಗುಳ್ಳೆಗಳಿವೆ. ಪ್ರತಿ ಗುಳ್ಳೆಯ ದ್ರವದಲ್ಲಿ ಬಿಳಿ ಕಣ, ಕಪ್ಪು ಕಣ ತೇಲುತ್ತಿರುತ್ತವೆ. ಒಂದಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಕಣಗಳು ಮೇಲೆದ್ದ ಕಡೆ ಅಕ್ಷರ ಮೂಡುತ್ತದೆ, ಬಿಳಿ ಮೇಲೆದ್ದ ಕಡೆ ಕಾಗದ ಕಾಣುತ್ತದೆ. ಒಮ್ಮೆ ನಿಂತ ಕಣ ವಿದ್ಯುತ್ತಿಲ್ಲದೆಯೂ ಅಲ್ಲೇ ನಿಂತಿರುತ್ತದೆ. ಪುಟ ತಿರುಗಿಸುವಾಗ ಮಾತ್ರ ಮತ್ತೆ ಬ್ಯಾಟರಿಗೆ ಕೆಲಸ. ಕಾಗದದ ಪುಟದಂತೆಯೇ ಇದನ್ನೂ ಬಿಸಿಲಿನಲ್ಲಿ ಕುಳಿತು ಓದಬಹುದು.

ಹಾಗಾದರೆ ಕಾಗದ ಬೇಡವೇ? ಬೇಕು ಎಂದೇ ನಾನು ಹೇಳುತ್ತೇನೆ. 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆ 54 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಮಾಹಿತಿಯ ಪಾಠಗಳನ್ನು ಕಾಗದದಲ್ಲಿ ಓದಿದವರು ಪರದೆಯಲ್ಲಿ ಓದಿದವರಿಗಿಂತ ತುಸು ಚೆನ್ನಾಗಿ ಗ್ರಹಿಸಿದ್ದರು. ಕತೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಕತೆಯನ್ನು ಎಲ್ಲಿ ಬೇಕಾದರೂ ಓದಿ, ಪರೀಕ್ಷೆಯ ಪಾಠಕ್ಕೆ ಪುಸ್ತಕವನ್ನೇ ಹಿಡಿಯಿರಿ.

ಆದರೆ ಕಾಗದ ಮಾಡಲಾರದ ಒಂದು ಕೆಲಸವಿದೆ. ಅಕ್ಷರ ಸಂಖ್ಯೆಯಾಗಿದ್ದರೆ ಕಣ್ಣು ಮಂಜಾದ ಅಜ್ಜಿ ಅದನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಿಕೊಳ್ಳಬಹುದು. ಕಣ್ಣು ಕಾಣದ ನಿಮ್ಮ ಗೆಳತಿಗೆ ಯಂತ್ರವೇ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಇಲ್ಲೊಂದು ತೊಡಕಿದೆ. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿದರೆ ಸಿಗುವುದು ಪುಟದ ಚಿತ್ರ ಮಾತ್ರ, ಅದರಲ್ಲಿ 3221 ಎಂಬುದೇ ಇರುವುದಿಲ್ಲ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳಿವೆ ನಿಜ. ಆದರೆ ಅವು ‘ಪ’ವನ್ನು ‘ಷ’ ಎಂದೋ, ‘ಥ’ವನ್ನು ‘ಧ’ ಎಂದೋ ತಪ್ಪಾಗಿ ಓದುವುದುಂಟು. ಮನುಷ್ಯರೇ ಕೂತು ಕರಡು ತಿದ್ದಬೇಕು.

ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಪುಸ್ತಕ ಎಲ್ಲರಿಗೂ ಸೇರುತ್ತದೆ. ಅಂಥ ಪುಸ್ತಕಗಳನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಪುಟಪುಟವಾಗಿ ತಿದ್ದುತ್ತಿದ್ದಾರೆ. ಈ ರಜೆಯಲ್ಲಿ ಮನೆಯ ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೂ ಒಂದು ಪುಟ ತಿದ್ದಿ. ಅದಕ್ಕೆ ಬೇಕಾದದ್ದು ಒಂದು ಕಂಪ್ಯೂಟರು, ಯೂನಿಕೋಡ್ ಕೀಲಿಮಣೆ, ಒತ್ತು ದೀರ್ಘ ಬಿಡದೆ ಓದುವ ಕಣ್ಣು.