ಹಳ್ಳದ ನೀರು, ಆರು ಮನೆಯ ದೀಪ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಅಭಿನಂದನೆಯ ಮಾತುಗಳನ್ನು ಹಿಂದೆ ಮಾತಾಡಿದವರು ಚೆನ್ನಾಗಿಯೇ ಆಡಿದ್ದಾರೆ. ನನ್ನನ್ನು ಕರೆಸಿದ್ದು ಬೇರೆ ಕಾರಣಕ್ಕೆ. ಗುಡ್ಡದ ಮೇಲಿನ ಆರು ಮನೆಯವರು ಹಳ್ಳದ ನೀರಿನಿಂದ ಕರೆಂಟು ಮಾಡಿಕೊಳ್ಳಲು ಸಾಲ ಕೇಳಿದ್ದಾರೆ, ಕೊಡಬಹುದೋ ಬೇಡವೋ ಹೇಳಿ ಅಂತ ಅಧ್ಯಕ್ಷರು ಕೇಳಿದರು. ಕೊಡಬಹುದು ಸ್ವಾಮಿ. ಆದರೆ ಯಂತ್ರದ ಕೊಟೇಶನ್ ನೋಡುವ ಮೊದಲು ನೀರಿನ ಅಳತೆ ನೋಡಿ.

ನೀರಿನಿಂದ ವಿದ್ಯುತ್ತು ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ತಂತಿಯ ಕೆಳಗಿನ ಹಳ್ಳಿಗಳಲ್ಲಿ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು, ಆ ಮಾತು ಬಿಡಿ.

ಲೆಕ್ಕ ಬಹಳ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಇಳಿಯುತ್ತದೆ, ಇವೆರಡನ್ನೂ ಗುಣಿಸಿ, ಬಂದದ್ದನ್ನು ಮತ್ತೆ ಐದರಿಂದ ಗುಣಿಸಿ. ಸಣ್ಣ ಯಂತ್ರದಿಂದ ಕೈಗೆ ಸಿಗುವ ವ್ಯಾಟ್ ಹೆಚ್ಚುಕಡಿಮೆ ಅಷ್ಟು. ನಾಲ್ಕು ಲೀಟರ್, 30 ಮೀಟರ್ ಅಂದರೆ 600 ವ್ಯಾಟ್. ಕಡಿಮೆಯಾಯಿತಲ್ಲ ಅನ್ನಬೇಡಿ. ರಾತ್ರಿ ಹಗಲು ತಿರುಗಿದರೆ ದಿನಕ್ಕೆ 14 ಯೂನಿಟ್ ಆಯಿತು.

ಅಳೆಯಲು ದೊಡ್ಡ ಉಪಕರಣ ಏನೂ ಬೇಡ. ಹಳ್ಳಕ್ಕೆ ಸಣ್ಣ ಒಡ್ಡು ಹಾಕಿ, ನೀರನ್ನು ಪೈಪಿನಲ್ಲಿ 200 ಲೀಟರ್ ಡ್ರಮ್ಮಿಗೆ ಬಿಡಿ. 50 ಸೆಕೆಂಡಿನಲ್ಲಿ ತುಂಬಿದರೆ ನಾಲ್ಕು ಲೀಟರ್. ಎತ್ತರಕ್ಕೆ ಗಾರೆಯವರು ಮಟ್ಟ ನೋಡುವ ನೀರಿನ ಟ್ಯೂಬ್ ಸಾಕು. ಆದರೆ ಯಾವಾಗ ಅಳೆಯುತ್ತೀರಿ? ಆಷಾಢದ ಹಳ್ಳ ನೋಡಿ ಚಕ್ರ ಮಾಡಿಸಿದರೆ ಶಿವರಾತ್ರಿ ಹೊತ್ತಿಗೆ ಅದು ನಿಂತಿರುತ್ತದೆ. ನೀರು ಸಾಲದೆ ಪೈಪಿನಲ್ಲಿ ಗಾಳಿ ಸೇರಿದರೆ ಒತ್ತಡವೇ ಇಳಿದುಹೋಗುತ್ತದೆ. ಅದಕ್ಕೇ ನಾಜಲ್ ಎರಡು ಇರಬೇಕು. ಮೇಲೆ ಹೇಳಿದ ಲೆಕ್ಕಕ್ಕೆ 15 ಮಿಲಿಮೀಟರಿನದೊಂದು, ಬೇಸಿಗೆಗೆ 10 ಮಿಲಿಮೀಟರಿನದೊಂದು. ಸಣ್ಣದಕ್ಕೆ ಎರಡು ಲೀಟರಿಗೂ ಕಡಿಮೆ ನೀರು ಸಾಕು, ಕರೆಂಟೂ ಅರ್ಧಕ್ಕಿಂತ ಕಡಿಮೆಯೇ.

ಎತ್ತರ ಹೆಚ್ಚು, ನೀರು ಕಡಿಮೆ ಇರುವ ನಮ್ಮಂಥ ಕಡೆಗೆ ಪೆಲ್ಟನ್ ಚಕ್ರವೇ ಸರಿ. ಅಮೆರಿಕದ ಲೆಸ್ಟರ್ ಪೆಲ್ಟನ್ 1880ರಲ್ಲಿ ಪೇಟೆಂಟ್ ಪಡೆದದ್ದು. ಚಕ್ರದ ಸುತ್ತ ಜೋಡಿ ಬಟ್ಟಲುಗಳು, ಎರಡು ತೆಂಗಿನ ಚಿಪ್ಪು ಅಂಟಿಸಿದ ಹಾಗೆ. ನಡುವೆ ಕತ್ತಿಯಲಗಿನಂಥ ಅಂಚು. ಚಿಮ್ಮುವ ನೀರು ಆ ಅಂಚಿಗೆ ಬಡಿದು, ಎರಡಾಗಿ ಸೀಳಿ, ಬಂದ ದಿಕ್ಕಿಗೇ ತಿರುಗಿ ಹೋಗಬೇಕು. ನೀರಿನ ವೇಗದ ಸುಮಾರು ಅರ್ಧದಷ್ಟು ವೇಗದಲ್ಲಿ ಬಟ್ಟಲು ಓಡಿದರೆ ನೀರಿನ ಶಕ್ತಿಯ ಬಹುಪಾಲು ಚಕ್ರಕ್ಕೆ ಬರುತ್ತದೆ. 30 ಮೀಟರಿಗೆ, ನಿಮಿಷಕ್ಕೆ 1500 ಸುತ್ತು ಬೇಕೆಂದರೆ, ಚಕ್ರದ ವ್ಯಾಸ ಸುಮಾರು 14 ಸೆಂಟಿಮೀಟರ್. ಅಷ್ಟೇ! ಊಟದ ತಟ್ಟೆಗಿಂತಲೂ ಸಣ್ಣದು. ಕಠ್ಮಂಡುವಿನ ಅಕ್ಕಲ್ ಮಾನ್ ನಕರ್ಮಿಯವರು ಇಂಥ ಚಕ್ರವನ್ನು ನೇರವಾಗಿ ಜನರೇಟರಿನ ಶಾಫ್ಟಿಗೇ ಕೂರಿಸಿ ‘ಪೆಲ್ಟ್ರಿಕ್ ಸೆಟ್’ ಮಾಡಿದರು. ಬೆಲ್ಟೂ ಇಲ್ಲ, ಗೇರೂ ಇಲ್ಲ. ಸಾಮಾನ್ಯ ಇಂಡಕ್ಷನ್ ಮೋಟಾರಿಗೆ ಕೆಪಾಸಿಟರ್ ಕಟ್ಟಿದರೆ ಅದೇ ಜನರೇಟರ್ ಆಗುತ್ತದೆ.

ಜನ ದುಡ್ಡು ಉಳಿಸಲು ಹೋಗಿ ಸೋಲುವುದು ಪೈಪಿನಲ್ಲಿ. ಒಳವ್ಯಾಸ ಅರ್ಧವಾದರೆ ಘರ್ಷಣೆ ಎರಡು ಪಟ್ಟಲ್ಲ, ಸುಮಾರು 32 ಪಟ್ಟು! ನಾಲ್ಕು ಲೀಟರ್ ನೀರು 75 ಮಿಲಿಮೀಟರ್ ಪಿವಿಸಿ ಪೈಪಿನಲ್ಲಿ 100 ಮೀಟರ್ ಹರಿದರೆ ಒಂದೂವರೆ ಮೀಟರ್ ಎತ್ತರದಷ್ಟು ಒತ್ತಡ ಹೋಗುತ್ತದೆ. ಅಗ್ಗವೆಂದು 50ರ ಪೈಪು ತಂದರೆ ಹನ್ನೊಂದು ಮೀಟರ್ ದಾಟುತ್ತದೆ. ಮೂವತ್ತರಲ್ಲಿ ಹನ್ನೊಂದು! ಆದ್ದರಿಂದ ಸಾಲ ಕೊಡುವುದಾದರೆ ಪೈಪಿಗೂ ಸೇರಿಸಿ ಕೊಡಿ. ಯಂತ್ರಕ್ಕೆ ಮಾತ್ರ ಕೊಟ್ಟರೆ ಅವರು ಸಪೂರ ಪೈಪನ್ನೇ ತರುತ್ತಾರೆ.

ಇನ್ನೊಂದು. ರಾತ್ರಿ ಹತ್ತಕ್ಕೆ ಎಲ್ಲರೂ ದೀಪ ಆರಿಸಿದರೆ ಚಕ್ರಕ್ಕೆ ಭಾರವಿಲ್ಲ, ಓಟ ಜೋರಾಗಿ ವೋಲ್ಟೇಜು ಏರಿ, ಬಿಟ್ಟ ಒಂದೆರಡು ಬಲ್ಬು ಸುಟ್ಟುಹೋಗುತ್ತವೆ. ಉಳಿದ ಕರೆಂಟನ್ನು ತಾನೇ ಹೀಟರಿಗೆ ತಿರುಗಿಸುವ ಕಂಟ್ರೋಲರ್ ಬೇಕೇ ಬೇಕು. ಆ ಹೀಟರನ್ನು ಬಚ್ಚಲುಮನೆಯ ನೀರಿಗೆ ಇಟ್ಟರೆ ಬೆಳಗಿನ ಸ್ನಾನಕ್ಕೆ ಸೌದೆ ಉಳಿಯಿತು. ಪಂಪ್‌ಸೆಟ್ಟಿನ ಆಸೆ ಮಾತ್ರ ಬೇಡ, ಆ ಮೋಟಾರು ಎಳೆದ ಕೂಡಲೇ ಇಷ್ಟು ಸಣ್ಣ ಜನರೇಟರಿನ ವೋಲ್ಟೇಜೇ ಬಿದ್ದುಹೋಗುತ್ತದೆ. ಮನೆಗೆ ನೂರು ವ್ಯಾಟ್ ಎಂದು ಮೊದಲೇ ಬರೆದುಕೊಳ್ಳಿ. ಮಿಕ್ಸಿಗೆ ಹಗಲು ಹೊತ್ತಿನಲ್ಲಿ ಸರದಿ. ಎಲೆ, ಮರಳು ತುಂಬುವ ತೊಟ್ಟಿಯ ಜಾಲರಿಯನ್ನು ಮಳೆಗಾಲದಲ್ಲಿ ದಿನಾ ಶುಚಿ ಮಾಡುವವರು ಯಾರು ಅಂತಲೂ ಬರೆಯಿರಿ. ಮರಳು ಒಳಗೆ ಹೋದರೆ ಹಿತ್ತಾಳೆಯ ಬಟ್ಟಲೂ ಸವೆಯುತ್ತದೆ.

ಕೆಳಗಿನ ತೋಟದವರಿಗೆ ಭಯ ಇದೆಯಂತೆ, ನ್ಯಾಯವಾದದ್ದೇ. ಯಂತ್ರ ನೀರು ಕುಡಿಯುವುದಿಲ್ಲ, ತಿರುಗಿಸಿ ಹಳ್ಳಕ್ಕೇ ಬಿಡುತ್ತದೆ. ಆದರೆ ಒಡ್ಡಿಗೂ ಯಂತ್ರಕ್ಕೂ ನಡುವೆ ಇರುವ ಎರಡು ಅಡಿಕೆ ತೋಟಗಳಿಗೆ ಅಷ್ಟು ನೀರು ತಪ್ಪುತ್ತದೆ, ಇದನ್ನು ಮುಚ್ಚಿಡಬಾರದು. ಬೇಸಿಗೆಯಲ್ಲಿ ಮೊದಲ ಹಕ್ಕು ತೋಟದ್ದು ಎಂದು ಆರು ಮನೆಯವರೂ ಸಹಿ ಹಾಕಲಿ. ಆ ಎರಡು ಮೂರು ತಿಂಗಳಿಗೆ ಸೋಲಾರ್ ದೀಪ ಇಟ್ಟುಕೊಳ್ಳಬಹುದು. ಆ ಕಾಗದ ಆಗುವ ತನಕ ಸಾಲದ ಅರ್ಜಿ ಮುಂದಕ್ಕೆ ಹೋಗದಿರಲಿ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಗೊತ್ತು ಮಾಡಿ, ಆರು ಮನೆಯವರನ್ನೂ ತೋಟದವರನ್ನೂ ಕಾರ್ಯದರ್ಶಿಗಳನ್ನೂ ಹಳ್ಳಕ್ಕೆ ಕರೆದುಕೊಂಡು ಬನ್ನಿ. ಎಲ್ಲರ ಎದುರೇ ಡ್ರಮ್ಮು ತುಂಬಿಸೋಣ. ನಾನೂ ಬರುತ್ತೇನೆ.