ನಡುಮನೆಯ ಕಿವಿ



ಗೋಡೆಗೂ ಕಿವಿಯುಂಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನೋಡಿಕೊಂಡು ಮಾತನಾಡಿರಿ ಎಂಬ ಎಚ್ಚರಿಕೆ ಅದು. ಗೋಡೆಗೆ ನಿಜವಾಗಿಯೂ ಕಿವಿ ಮೂಡುತ್ತದೆಯೆಂದು ಅವರು ಎಣಿಸಿರಲಿಲ್ಲ. ಈಗ ಮೂಡಿದೆ. ಅಂಗೈಯಗಲದ ಒಂದು ಡಬ್ಬಿ. ನಡುಮನೆಯಲ್ಲಿ ಟಿ.ವಿ.ಯ ಪಕ್ಕದಲ್ಲಿ ಕುಳಿತಿರುತ್ತದೆ. ಹೆಸರು ಹಿಡಿದು ಕರೆದರೆ ಓಗೊಡುತ್ತದೆ. ಹಾಡೆಂದರೆ ಹಾಡುತ್ತದೆ; ದೀಪ ಆರಿಸೆಂದರೆ ಆರಿಸುತ್ತದೆ; ನಾಳೆ ಮಳೆ ಬಂದೀತೇ ಎಂದು ಕೇಳಿದರೆ ಅದನ್ನೂ ಹೇಳುತ್ತದೆ. ಸ್ಮಾರ್ಟ್ ಸ್ಪೀಕರ್ ಎಂದು ಅದಕ್ಕೆ ಹೆಸರು. 2014ರಲ್ಲಿ ಅಮೆರಿಕದ ಅಮೆಜಾನ್ ಕಂಪನಿಯವರು ಎಕೋ ಎಂಬ ಹೆಸರಿನಲ್ಲಿ ಇದನ್ನು ಹೊರತಂದರು. 2016ರಲ್ಲಿ ಗೂಗಲ್‌ನವರು ತಮ್ಮದೊಂದನ್ನು ತಂದರು. 2017ರಲ್ಲಿ ಎಕೋ ನಮ್ಮ ದೇಶಕ್ಕೂ ಬಂತು.

ಇದು ಕೆಟ್ಟದ್ದು, ಮನೆಯಿಂದ ಹೊರಗೆ ಹಾಕಿರಿ ಎಂದು ಹೇಳುವುದಕ್ಕೆ ನಾವು ಇಂದು ಕುಳಿತಿಲ್ಲ. ಕಣ್ಣು ಕಾಣದವರಿಗೆ, ಕೈಕಾಲು ಆಡದವರಿಗೆ ಇದು ದೊಡ್ಡ ಆಸರೆ. ನಾವು ವಿಚಾರ ಮಾಡಬೇಕಾದದ್ದು ಬೇರೆ. ಮನೆಯಲ್ಲಿ ಜನ ಆರು, ಡಬ್ಬಿ ಒಂದು. ಆ ಒಂದನ್ನು ಆರು ಜನ ಹೇಗೆ ಹಂಚಿಕೊಂಡು ಬಾಳಬೇಕು? ರೊಟ್ಟಿ ಹಂಚಿಕೊಳ್ಳುವುದು ನಮಗೆ ಗೊತ್ತು. ಹೊಲ ಹಂಚಿಕೊಳ್ಳುವುದೂ ಗೊತ್ತು. ಕಿವಿಯನ್ನು ಹಂಚಿಕೊಳ್ಳುವುದು ಹೇಗೆ?

ಮೊದಲು ಅದರ ಗುಣ ತಿಳಿಯಬೇಕು. ಈ ಯಂತ್ರ ಸುಮ್ಮನೆ ಕುಳಿತಂತೆ ಕಂಡರೂ ತನ್ನ ಹೆಸರು ಕೇಳಿಸುವುದೋ ಎಂದು ಸದಾ ಕಾಯುತ್ತಿರುತ್ತದೆ. ಹೆಸರು ಕೇಳಿಸಿದೊಡನೆ ಎಚ್ಚರಗೊಳ್ಳುತ್ತದೆ. ಆಮೇಲೆ ನೀವು ಆಡಿದ ಮಾತು ಇಂಟರ್‌ನೆಟ್ಟಿನ ಮೂಲಕ ಎಲ್ಲಿಯೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಮಾತಿನ ಅರ್ಥ ಬಿಡಿಸಿ ಉತ್ತರವನ್ನು ಕಳಿಸುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೆಲ್ಲ ಆಗುತ್ತದೆ. ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಯಾರ ಖಾತೆಯಲ್ಲಿ ಯಂತ್ರವನ್ನು ನೋಂದಾಯಿಸಿದ್ದಾರೋ ಅವರ ಖಾತೆಯಲ್ಲಿ, ಬೇಡವೆಂದು ಅಳಿಸದಿದ್ದರೆ, ಅದು ದಾಖಲಾಗಿ ಉಳಿಯಬಹುದು. ಆತ ತನ್ನ ಮೊಬೈಲ್ ತೆರೆದರೆ ಯಾವ ಹೊತ್ತಿಗೆ ಏನು ಕೇಳಿದರು ಎಂಬುದನ್ನು ಓದಬಹುದು. ಮಾತನಾಡುವವರು ಆರು ಜನ, ಓದುವವನು ಒಬ್ಬ! ಇದನ್ನು ನೆನಪಿಡಿರಿ.

ಯಂತ್ರಕ್ಕೆ ಮಾತು ತಿಳಿಯುತ್ತದೆ, ಮನೆ ತಿಳಿಯುವುದಿಲ್ಲ. ಅಮೆರಿಕದ ಡಲ್ಲಾಸ್ ಪಟ್ಟಣದಲ್ಲಿ ಆರು ವರ್ಷದ ಒಂದು ಹುಡುಗಿ ಈ ಯಂತ್ರದೊಡನೆ ಬೊಂಬೆಮನೆಯ ಮಾತು, ಬಿಸ್ಕತ್ತಿನ ಮಾತು ಆಡಿತು. ಕೆಲವೇ ದಿನಗಳಲ್ಲಿ ದೊಡ್ಡದೊಂದು ಬೊಂಬೆಮನೆ, ನಾಲ್ಕು ಪೌಂಡು ಬಿಸ್ಕತ್ತು ಬಾಗಿಲಿಗೆ ಬಂದವು! ಆಡಿದವಳು ಮಗು, ದುಡ್ಡು ಕೊಟ್ಟವರು ತಂದೆತಾಯಿ. 2017ರ ಜನವರಿಯಲ್ಲಿ ಸ್ಯಾನ್ ಡಿಯಾಗೋದ ಟಿ.ವಿ.ಯವರು ಈ ಸುದ್ದಿಯನ್ನು ಹೇಳುವಾಗ ಮಗುವಿನ ಮಾತನ್ನು ತಾವೂ ಆಡಿ ತೋರಿಸಿದರು. ಅದನ್ನು ಕೇಳಿ ನೋಡುಗರ ಮನೆಯ ಯಂತ್ರಗಳೂ ಬೊಂಬೆಮನೆ ಕೊಳ್ಳಲು ಹೊರಟವಂತೆ. ನಗು ಬರುತ್ತದೆ, ಅಲ್ಲವೆ? ಆ ಡಲ್ಲಾಸಿನ ತಂದೆತಾಯಿ ಒಳ್ಳೆಯವರು. ಬೊಂಬೆಮನೆಯನ್ನು ಮಕ್ಕಳ ಆಸ್ಪತ್ರೆಗೆ ದಾನ ಕೊಟ್ಟರು. ಕೊಳ್ಳುವಾಗ ನಾಲ್ಕು ಅಂಕಿಯ ಗುಪ್ತ ಸಂಖ್ಯೆಯನ್ನು ಕೇಳುವಂತೆ ಮಾಡುವ ಏರ್ಪಾಡು ಆ ಯಂತ್ರದಲ್ಲಿಯೇ ಇದೆ. ಮಕ್ಕಳಿರುವ ಮನೆಯವರು ಅದನ್ನು ಮಾಡಿಸಿಕೊಳ್ಳಬೇಕು.

ಇನ್ನೊಂದು ಮಾತಿಗೆ ನಗು ಬರುವುದಿಲ್ಲ. ಅದೇ ದೇಶದ ಪೋರ್ಟ್‌ಲ್ಯಾಂಡಿನಲ್ಲಿ ಗಂಡಹೆಂಡಿರು ತಮ್ಮ ಮನೆಯಲ್ಲಿ ತಮ್ಮಷ್ಟಕ್ಕೆ ಮಾತನಾಡುತ್ತಿದ್ದರು. ಯಾವುದೋ ಶಬ್ದ ಯಂತ್ರಕ್ಕೆ ತನ್ನ ಹೆಸರಿನಂತೆ ಕೇಳಿಸಿತು, ಎಚ್ಚರಗೊಂಡಿತು. ಇನ್ನೊಂದು ಮಾತು, ಸಂದೇಶ ಕಳಿಸು ಎಂದಂತೆ ಕೇಳಿಸಿತು. ಅವರ ಮಾತನ್ನೆಲ್ಲ ಹಿಡಿದು, ಗಂಡನ ಕೈಕೆಳಗೆ ಕೆಲಸ ಮಾಡುವ ಒಬ್ಬನಿಗೆ ಕಳಿಸಿಬಿಟ್ಟಿತು. 2018ರಲ್ಲಿ ಇದು ಸುದ್ದಿಯಾಯಿತು. ತಪ್ಪಿ ಆದದ್ದು ಎಂದು ಕಂಪನಿಯವರೇ ಒಪ್ಪಿಕೊಂಡರು. ಮಕ್ಕಳ ದನಿಯ ದಾಖಲೆಗಳನ್ನು ಬೇಕಾದದ್ದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡರೆಂಬ ಆಪಾದನೆಯ ಮೇಲೆ 2023ರಲ್ಲಿ ಅದೇ ಕಂಪನಿ ಅಮೆರಿಕದ ಸರಕಾರಕ್ಕೆ 2.5 ಕೋಟಿ ಡಾಲರ್ ದಂಡ ಕೊಡಲು ಒಪ್ಪಿತು.

ಇವೆಲ್ಲ ದೂರದ ಮಾತು, ಕಂಪನಿಯ ಮಾತು. ಈಗ ಮನೆಯೊಳಗಿನ ಮಾತು ಹೇಳುತ್ತೇವೆ.

ನಮ್ಮಲ್ಲಿಗೆ ಬಂದುಹೋಗುವ ಒಂದು ಕುಟುಂಬ. ಮಗ ಒಳ್ಳೆಯ ನೌಕರಿಯಲ್ಲಿದ್ದಾನೆ. ತಾಯಿಗೆ ಎಪ್ಪತ್ತು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ. ಆಕೆ ಮಲಗುವುದು ನಡುಮನೆಯಲ್ಲಿ. ಮಗ ಈ ಯಂತ್ರವನ್ನು ತಂದು ಇಂಗ್ಲಿಷಿಗೆ ಹೊಂದಿಸಿಟ್ಟ. ಆಕೆಗೆ ಇಂಗ್ಲಿಷು ಎಲ್ಲಿಯದು? ತನ್ನ ಮನೆಯಲ್ಲಿ ತಾನೇ ಮೂಕಿಯಾದಳು. ಮೊಮ್ಮಗನಿಗೆ ಮರುಕ ಬಂತು. ಯಂತ್ರದ ಹೆಸರನ್ನು ಕಲಿಸಿ, ಜೊತೆಗೆ 'ವಾಟ್ ಈಸ್ ದ ಟೈಮ್' ಎಂಬ ಒಂದು ಮಾತು ಕಲಿಸಿದ. ಉತ್ತರ ತಿಳಿಯಲು ಒಂದರಿಂದ ಹನ್ನೆರಡರವರೆಗೆ ಎಣಿಕೆ ಕಲಿಸಿದ. ಮುದುಕಿಗೆ ಎಷ್ಟು ಸಂತೋಷ! ಗೋಡೆಯ ಗಡಿಯಾರ ಕಾಣದಿದ್ದರೂ ಹೊತ್ತು ತಿಳಿಯತೊಡಗಿತು.

ಒಂದು ದಿನ ಮಗ ಮೊಬೈಲಿನಲ್ಲಿ ಆ ಪಟ್ಟಿಯನ್ನು ನೋಡಿದ. ರಾತ್ರಿ ಒಂದು ಗಂಟೆಗೆ ಟೈಮು ಕೇಳಿದ್ದಾಳೆ. ಒಂದೂವರೆಗೆ ಕೇಳಿದ್ದಾಳೆ. ಎರಡಕ್ಕೆ ಕೇಳಿದ್ದಾಳೆ. ಒಂದೇ ರಾತ್ರಿ ಹನ್ನೊಂದು ಸಲ! ಮರುದಿನ ಮನೆಗೆ ಬೀಗರು ಬಂದಿದ್ದರು. ಅವರೆದುರಿಗೆ ನಗುತ್ತ ಹೇಳಿದ: “ನಮ್ಮವ್ವ ರಾತ್ರಿಯೆಲ್ಲ ಡಬ್ಬಿಯ ಜೊತೆ ಇಂಗ್ಲಿಷ್ ಮಾತಾಡ್ತಾಳೆ. ನಿನ್ನೆ ಹನ್ನೊಂದು ಸಲ ಟೈಮ್ ಕೇಳ್ಯಾಳ.” ಎಲ್ಲರೂ ನಕ್ಕರು. ತಾಯಿಯೂ ನಕ್ಕಳು. ಆ ರಾತ್ರಿಯಿಂದ ಆಕೆ ಯಂತ್ರವನ್ನು ಒಂದು ಮಾತೂ ಕೇಳಲಿಲ್ಲ.

ನಾಲ್ಕು ದಿನ ಪಟ್ಟಿ ಬರಿದಾಗಿರುವುದನ್ನು ಕಂಡು ಮಗನಿಗೆ ಚುಚ್ಚಿತು. ಇಲ್ಲಿಗೆ ಬಂದ. “ಬುದ್ಧಿ, ನಾನು ತಮಾಷೆಗೆ ಅಂದೆ” ಎಂದ. ನಾವು ಒಂದೇ ಮಾತು ಕೇಳಿದೆವು: “ಹನ್ನೊಂದು ಸಲ ಕೇಳಿದ್ದು ನಿನಗೆ ತಿಳಿಯಿತು. ಏಕೆ ಎಚ್ಚರವಿದ್ದಳು ಎಂಬುದು ತಿಳಿಯಿತೇ?” ಆತ ತಲೆ ತಗ್ಗಿಸಿದ.

ಆ ರಾತ್ರಿ ಹೋಗಿ ತಾಯಿಯ ಹಾಸಿಗೆಯ ಪಕ್ಕದಲ್ಲಿ ಕುಳಿತನಂತೆ. ಬಹಳ ಹೊತ್ತಿನ ಮೇಲೆ ತಾಯಿ ಹೇಳಿದಳು: “ನಿಮ್ಮಪ್ಪ ಹೋದದ್ದು ಮೂರು ಗಂಟೆಗೆ. ನಾನು ನಿದ್ದೆ ಹೋಗಿದ್ದೆ, ನೀರು ಕೇಳಿದ್ದರೋ ಏನೋ. ಮೂರು ಹೊಡೆಯುವವರೆಗೆ ಕಣ್ಣು ಮುಚ್ಚಲು ಆಗುವುದಿಲ್ಲಪ್ಪ.”

ನೋಡಿರಿ, ಎರಡು ವರ್ಷದಿಂದ ತಾಯಿ ನಿದ್ದೆ ಕಾಣದೆ ಮಲಗಿದ್ದಳು. ಹತ್ತು ಹೆಜ್ಜೆ ದೂರದಲ್ಲಿ ಮಗ ಮಲಗಿದ್ದ. ಯಂತ್ರ ಹನ್ನೊಂದು ಸಲವೂ ಬೇಸರವಿಲ್ಲದೆ ಉತ್ತರ ಕೊಟ್ಟಿತು. ಆದರೆ “ಏಕಮ್ಮಾ, ನಿದ್ದೆ ಬರಲಿಲ್ಲವೇ?” ಎಂದು ಕೇಳಬೇಕಾದವನು ಮಗ. ಅವನಿಗೆ ಪಟ್ಟಿ ಕಂಡಿತು, ತಾಯಿ ಕಾಣಲಿಲ್ಲ.

ಹಾಗಾದರೆ ಓದಿದ್ದೇ ತಪ್ಪೇ ಎಂದು ನೀವು ಕೇಳಬಹುದು. ಓದದಿದ್ದರೆ ತಿಳಿಯುತ್ತಿರಲಿಲ್ಲವಲ್ಲ ಎನ್ನಬಹುದು. ನಿಜ. ಆದರೆ ಇಂಥ ಪಟ್ಟಿಯೊಂದಿದೆ ಎಂಬುದೇ ಆ ತಾಯಿಗೆ ಗೊತ್ತಿರಲಿಲ್ಲ. ಕತ್ತಲಲ್ಲಿ ಒಂಟಿಯಾಗಿ ಆಡಿದ ಮಾತು ಎಂದು ಆಕೆ ತಿಳಿದಿದ್ದಳು. ಅದನ್ನು ನಾಲ್ಕು ಜನರ ಮುಂದೆ ತಂದದ್ದು ತಪ್ಪು. ಒಕ್ಕಲು ಮನೆಯಲ್ಲಿ ಕಣಜದ ಕೀಲಿ ಒಬ್ಬನ ಸೊಂಟದಲ್ಲಿರುತ್ತದೆ. ಕೀಲಿ ಅವನದಿರಬಹುದು, ಕಾಳು ಎಲ್ಲರದು. ಖಾತೆ ನಿನ್ನದಿರಬಹುದು, ಮಾತು ಆಡಿದವರದು.

ಆದ್ದರಿಂದ ಈ ಯಂತ್ರವಿರುವ ಮನೆಯವರು ಒಂದು ದಿನ ಊಟವಾದ ಮೇಲೆ ಎಲ್ಲರೂ ಕೂಡಿ ಕುಳಿತುಕೊಳ್ಳಿರಿ. ಇದು ಹೀಗೆ ಕೇಳುತ್ತದೆ, ಹೀಗೆ ಬರೆದಿಡುತ್ತದೆ ಎಂದು ಹಿರಿಯರಿಗೂ ಸೊಸೆಯಂದಿರಿಗೂ ಮಕ್ಕಳಿಗೂ ತಿಳಿಸಿರಿ. ಕಿವಿ ಮುಚ್ಚುವ ಗುಂಡಿ ಎಲ್ಲಿದೆ ಎಂಬುದನ್ನು ಎಲ್ಲರ ಕೈಯಿಂದಲೂ ಒತ್ತಿಸಿ ತೋರಿಸಿರಿ. ಮನೆಗೆ ಬಂದ ಅತಿಥಿಗೂ ಹೇಳಿರಿ. ಹಳೆಯ ಮಾತುಗಳನ್ನು ಅಳಿಸಿಹಾಕುವ ಏರ್ಪಾಡು ಇದೆ, ಅಳಿಸಿರಿ. ಒಬ್ಬರ ಮಾತನ್ನು ಇನ್ನೊಬ್ಬರು ಕದ್ದು ಓದುವುದು ಬೇಡ. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೆ ಹೊರಗೆ ಆಡಿಕೊಳ್ಳುವುದು ಬೇಡ. ಹತ್ತಿರ ಹೋಗಿ ಕುಳಿತು ಕೇಳಿರಿ.

2017ರಲ್ಲಿ ಈ ಯಂತ್ರಗಳಿಗೆ ದನಿ ಗುರುತಿಸುವ ವಿದ್ಯೆಯನ್ನೂ ಕಲಿಸಿದರು. ಗೂಗಲ್‌ನವರ ಯಂತ್ರ ಆರು ಜನರ ದನಿಯನ್ನು ಬೇರೆ ಬೇರೆಯಾಗಿ ಗುರುತಿಸುವಂತಾಯಿತು. ಇದು ಅಜ್ಜಿಯ ದನಿ, ಇದು ಮೊಮ್ಮಗನ ದನಿ ಎಂದು ತಿಳಿಯುತ್ತದೆ. ದೊಡ್ಡ ವಿದ್ಯೆಯೇ ಸರಿ. ಆ ದನಿ ಇಂದು ಏಕೆ ಸಣ್ಣದಾಗಿದೆ ಎಂದು ತಿಳಿಯುವ ವಿದ್ಯೆ ಮಾತ್ರ ಮನೆಯವರದು. ಅದನ್ನು ಯಂತ್ರಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಡಿರಿ.

ಆ ತಾಯಿ ಈಗ ಮತ್ತೆ ಟೈಮು ಕೇಳುತ್ತಾಳಂತೆ. ಕೆಲವು ರಾತ್ರಿ ಯಂತ್ರ ಹೇಳುತ್ತದೆ, ಕೆಲವು ರಾತ್ರಿ ಮಗ ಎದ್ದು ಬಂದು, “ಮೂರು ಹೊಡೀತವ್ವಾ, ಮಲಗು” ಎನ್ನುತ್ತಾನಂತೆ. ನಿಮ್ಮ ನಿಮ್ಮ ಮನೆಗಳಲ್ಲಿಯೂ ಹೀಗೆ ಎದ್ದು ಬರುವವರು ಇರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.